ರಸ್ತೆ ಬಂದ್ ಮಾಡಿ ಕಾರ್ಯಕ್ರಮ ನಡೆಸಬೇಕೇ? ಯಾರ ಅನುಮತಿ ಬೇಕು, ಸಂಚಾರ ಯೋಜನೆ ಹೇಗಿರಬೇಕು? ಇಲ್ಲಿದೆ ವಿವರ

ಗಣೇಶೋತ್ಸವ, ನವೆಂಬರ್ 1ರ ರಾಜ್ಯೋತ್ಸವ ಮೆರವಣಿಗೆ, ಬಡಾವಣೆಯ ಓಟದ ಸ್ಪರ್ಧೆ, ದೇವರ ಪಲ್ಲಕ್ಕಿ ಉತ್ಸವ. ಇಂಥ ಕಾರ್ಯಕ್ರಮಗಳಿಗೆ ರಸ್ತೆಯನ್ನು ಕೆಲವು ಗಂಟೆಗಳ ಕಾಲ ಮುಚ್ಚಬೇಕಾಗುತ್ತದೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಕನ್ನಡ ಸಂಘಗಳಿಗೂ ಇದು ಹೊಸತಲ್ಲ. ಪಾಲಿಕೆಯ ವಾರ್ಡ್ ಕಚೇರಿಯಿಂದ ಒಂದು ಪತ್ರ ಸಿಕ್ಕರೆ ಸಾಕು, ರಸ್ತೆ ನಮ್ಮದಾಯಿತು ಎಂದುಕೊಳ್ಳುವವರಿದ್ದಾರೆ. ಆದರೆ ಮಂಟಪ ಹಾಕಲು ಸಿಗುವ ಅನುಮತಿ ಬೇರೆ, ವಾಹನ ತಡೆಯುವ ಆದೇಶ ಬೇರೆ. ಎರಡರ ವ್ಯತ್ಯಾಸ ತಿಳಿಯದಿದ್ದರೆ ಕೊನೇ ಕ್ಷಣದಲ್ಲಿ ಕಾರ್ಯಕ್ರಮವೇ ನಿಲ್ಲಬಹುದು. ಅದಕ್ಕಿಂತ ದೊಡ್ಡ ಅಪಾಯವೆಂದರೆ ಆ ಬೀದಿಗೆ ಬರಬೇಕಾದ ಆಂಬುಲೆನ್ಸ್ ಹೊರಗೇ ನಿಲ್ಲಬಹುದು.

ವಾಹನ ತಡೆಯುವ ಅಧಿಕಾರ ಯಾರಿಗೆ?

ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 115 ಇದಕ್ಕೆ ಮುಖ್ಯ ಆಧಾರ. ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ಒಂದು ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಷೇಧಿಸುವ ಅಥವಾ ನಿರ್ಬಂಧಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಮತ್ತು ಅದು ನೇಮಿಸಿದ ಪ್ರಾಧಿಕಾರಕ್ಕೆ ಇದೆ. ಮುಂಬೈನಲ್ಲಿ ಸಂಚಾರ ವಿಭಾಗದ ಡಿಸಿಪಿ ಹೊರಡಿಸುವ ಅಧಿಸೂಚನೆಗಳಲ್ಲಿ ಈ ಸೆಕ್ಷನ್ ಉಲ್ಲೇಖವನ್ನು ನೋಡಬಹುದು. ಇದರ ಜೊತೆಗೆ ಆಯಾ ರಾಜ್ಯದ ಪೊಲೀಸ್ ಕಾಯ್ದೆಗಳೂ ಇವೆ. ಮಹಾರಾಷ್ಟ್ರದಲ್ಲಿ 1951ರ, ಕರ್ನಾಟಕದಲ್ಲಿ 1963ರ, ದೆಹಲಿಯಲ್ಲಿ 1978ರ ಪೊಲೀಸ್ ಕಾಯ್ದೆ ಅನ್ವಯಿಸುತ್ತದೆ.

ಇಲ್ಲಿ ಒಂದು ಅಂಶ ಗಮನಿಸಿ. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಅದನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕಿಲ್ಲ. ಆದರೆ ಸಾಧ್ಯವಿರುವಷ್ಟು ಸ್ಥಳೀಯ ಪ್ರಚಾರ ಕೊಡಲೇಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಅಂದರೆ ರಸ್ತೆ ಮುಚ್ಚುವ ವಿಷಯವನ್ನು ಜನರಿಗೆ ಮೊದಲೇ ತಿಳಿಸುವುದು ಸೌಜನ್ಯವಷ್ಟೇ ಅಲ್ಲ, ಕಾನೂನಿನ ಷರತ್ತು.

ರಸ್ತೆ ಯಾರದ್ದು ಎಂದು ಮೊದಲು ತಿಳಿದುಕೊಳ್ಳಿ

ನಗರದ ಎಲ್ಲ ರಸ್ತೆಗಳೂ ಪಾಲಿಕೆಯದ್ದಲ್ಲ. ದೆಹಲಿಯಲ್ಲಿ 60 ಅಡಿ ಹಾಗೂ ಅದಕ್ಕಿಂತ ಅಗಲದ ರಸ್ತೆಗಳು ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ಮುಂಬೈನ ಪೂರ್ವ ಮತ್ತು ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಗಳು 2022ರಲ್ಲಿ ಎಂಎಂಆರ್‌ಡಿಎಯಿಂದ ಪಾಲಿಕೆಯ ಕೈಗೆ ಬಂದವು. ಚೆನ್ನೈನ ಹಲವು ಪ್ರಮುಖ ರಸ್ತೆಗಳು ರಾಜ್ಯ ಹೆದ್ದಾರಿ ಇಲಾಖೆಯ ನಿರ್ವಹಣೆಯಲ್ಲಿವೆ. ತಪ್ಪು ಕಚೇರಿಗೆ ಅರ್ಜಿ ಕೊಟ್ಟರೆ ವಾರಗಟ್ಟಲೆ ಸಮಯ ವ್ಯರ್ಥ. ವಾರ್ಡ್ ಕಚೇರಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು.

ಮುಂಬೈನಲ್ಲಿ ಪ್ರಕ್ರಿಯೆ ಹೇಗಿದೆ?

ಗಣೇಶೋತ್ಸವದ ಮಂಟಪಗಳಿಗೆ ಬೃಹನ್ಮುಂಬೈ ಪಾಲಿಕೆ ಆನ್‌ಲೈನ್ ಏಕಗವಾಕ್ಷಿ ವ್ಯವಸ್ಥೆ ನಡೆಸುತ್ತದೆ. ಅರ್ಜಿ ಪಾಲಿಕೆಗೆ ಹೋದರೂ ಸ್ಥಳೀಯ ಪೊಲೀಸ್ ಠಾಣೆ, ಸಂಚಾರ ಪೊಲೀಸ್ ಮತ್ತು ಅಗ್ನಿಶಾಮಕ ದಳದ ಅಭಿಪ್ರಾಯ ಅಗತ್ಯ. ಮೆರವಣಿಗೆ ಇದ್ದರೆ ಅದರ ಮಾರ್ಗ ಹಾಗೂ ಸಮಯಕ್ಕೆ ಪೊಲೀಸರ ಒಪ್ಪಿಗೆ ಪ್ರತ್ಯೇಕವಾಗಿ ಬೇಕು.

ಇದರಲ್ಲಿ ಬಾಂಬೆ ಹೈಕೋರ್ಟ್ ಪಾತ್ರವೂ ದೊಡ್ಡದು. ಠಾಣೆಯ ಡಾ. ಮಹೇಶ್ ಬೇಡೇಕರ್ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಕೋರ್ಟ್ 2015ರಲ್ಲಿ ಮಧ್ಯಂತರ ಆದೇಶ, 2016ರಲ್ಲಿ ತೀರ್ಪು ನೀಡಿತು. ವಾಹನ ಸಂಚಾರಕ್ಕೂ ಪಾದಚಾರಿಗಳಿಗೂ ಅಡ್ಡಿಯಾಗುವಂಥ ಮಂಟಪಗಳಿಗೆ ಪಾಲಿಕೆಗಳು ಅನುಮತಿ ಕೊಡುವಂತಿಲ್ಲ ಎಂಬುದು ಅದರ ಸಾರ. ಹೀಗಾಗಿ 'ಪ್ರತಿ ವರ್ಷ ಇಲ್ಲೇ ಮಾಡುತ್ತಿದ್ದೇವೆ' ಎಂಬ ವಾದವೊಂದೇ ಸಾಲದು.

ಮಂಟಪದ ಕಂಬಕ್ಕಾಗಿ ರಸ್ತೆ ಅಗೆದರೆ ದಂಡವಿದೆ. 2025ರಲ್ಲಿ ಪಾಲಿಕೆ ಒಂದು ಗುಂಡಿಗೆ 15,000 ರೂ. ದಂಡ ಎಂದು ಘೋಷಿಸಿ, ಮಂಡಳಿಗಳ ವಿರೋಧದ ನಂತರ ಹಿಂದಿನ 2,000 ರೂ.ಗೆ ಇಳಿಸಿತ್ತು. ಅಗೆಯದೆ ನಿಲ್ಲುವ ಚೌಕಟ್ಟು ಬಳಸುವುದು ಸುಲಭದ ದಾರಿ.

ಅರ್ಜಿಯಲ್ಲಿ ಏನೇನು ಇರಬೇಕು?

ನಗರದಿಂದ ನಗರಕ್ಕೆ ನಮೂನೆ ಬದಲಾಗುತ್ತದೆ. ಆದರೂ ಪೊಲೀಸರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಇವು ಸಿದ್ಧವಿರಲಿ:

• ಸಂಘದ ನೋಂದಣಿ ಪತ್ರ, ಜವಾಬ್ದಾರಿ ಹೊರುವ ಇಬ್ಬರ ಹೆಸರು ಮತ್ತು ಫೋನ್ ಸಂಖ್ಯೆ
• ಮುಚ್ಚಬೇಕಾದ ರಸ್ತೆ ಯಾವ ಜಂಕ್ಷನ್‌ನಿಂದ ಯಾವ ಜಂಕ್ಷನ್‌ವರೆಗೆ ಎಂಬ ನಕ್ಷೆ
• ದಿನಾಂಕ, ಮುಚ್ಚುವ ಮತ್ತು ತೆರೆಯುವ ಸಮಯ
• ಸೇರುವ ಜನರ ಅಂದಾಜು ಸಂಖ್ಯೆ, ವಾಹನ ನಿಲುಗಡೆ ಸ್ಥಳ
• ಬದಲಿ ಮಾರ್ಗ ಮತ್ತು ಬಸ್ ಸಂಚಾರದ ವಿವರ
• ಸ್ವಯಂಸೇವಕರ ಸಂಖ್ಯೆ, ಅವರು ನಿಲ್ಲುವ ಸ್ಥಳ

ಧ್ವನಿವರ್ಧಕಕ್ಕೆ ಪ್ರತ್ಯೇಕ ಲಿಖಿತ ಅನುಮತಿ ಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಬಳಸುವಂತಿಲ್ಲ. ರಾಜ್ಯ ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ ಮಾತ್ರ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು.

ಸಮಯದ ಲೆಕ್ಕ ತಪ್ಪಬೇಡಿ

ಕಾರ್ಯಕ್ರಮ ಸಂಜೆ 5ರಿಂದ 9ರವರೆಗೆ ಎಂದುಕೊಳ್ಳಿ. ವೇದಿಕೆ, ಕುರ್ಚಿ ಹಾಕಲು ಮಧ್ಯಾಹ್ನ 2ಕ್ಕೇ ಲಾರಿ ಬರುತ್ತದೆ. ಎಲ್ಲ ತೆಗೆದು, ಕಸ ಗುಡಿಸುವಷ್ಟರಲ್ಲಿ ರಾತ್ರಿ 11. ಅಂದರೆ ರಸ್ತೆ ಮುಚ್ಚುವುದು 4 ಗಂಟೆಯಲ್ಲ, 9 ಗಂಟೆ. ಅರ್ಜಿಯಲ್ಲಿ 4 ಗಂಟೆ ಎಂದು ಬರೆದರೆ ಉಳಿದ 5 ಗಂಟೆ ಅನುಮತಿಯೇ ಇಲ್ಲದೆ ರಸ್ತೆ ತಡೆದಂತಾಗುತ್ತದೆ. ಸಾರ್ವಜನಿಕ ದಾರಿಗೆ ಅಡ್ಡಿಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 285ರ ಅಡಿ 5,000 ರೂ.ವರೆಗೆ ದಂಡ ವಿಧಿಸಬಹುದು.

ಶಾಲೆ ಬಿಡುವ ಹೊತ್ತು, ಕಚೇರಿಯಿಂದ ಜನ ಮರಳುವ ಹೊತ್ತು ತಪ್ಪಿಸಿ ಭಾನುವಾರ ಅಥವಾ ರಜಾದಿನ ಆರಿಸಿಕೊಂಡರೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು.

ಬದಲಿ ಮಾರ್ಗ ನಡೆದು ನೋಡಿ

ನಕ್ಷೆಯಲ್ಲಿ ಪಕ್ಕದ ಬೀದಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಅಲ್ಲಿ ಎರಡೂ ಬದಿ ಕಾರು ನಿಂತಿದ್ದರೆ ಬಸ್ ತಿರುಗುವುದಿಲ್ಲ. ಕಾರ್ಯಕ್ರಮ ನಡೆಯುವ ವಾರದ ದಿನ, ಅದೇ ಹೊತ್ತಿನಲ್ಲಿ ಹೋಗಿ ನೋಡಿ. ಬಸ್ ಓಡುವ ರಸ್ತೆಯಾದರೆ ಮುಂಬೈನ ಬೆಸ್ಟ್, ಪುಣೆಯ ಪಿಎಂಪಿಎಂಎಲ್, ಬೆಂಗಳೂರಿನ ಬಿಎಂಟಿಸಿಯಂಥ ಸಂಸ್ಥೆಗೂ ಮೊದಲೇ ಮಾಹಿತಿ ಕೊಡಿ.

ವಾಹನ ಸವಾರರಿಗೆ ರಸ್ತೆ ಮುಚ್ಚಿರುವುದು ಬ್ಯಾರಿಕೇಡ್ ಎದುರು ಬಂದಾಗ ಗೊತ್ತಾದರೆ ಪ್ರಯೋಜನವಿಲ್ಲ. ಹಿಂದಿನ ಜಂಕ್ಷನ್‌ನಲ್ಲೇ ಫಲಕ ಇರಬೇಕು. ಫಲಕ ಇಂಗ್ಲಿಷ್ ಜೊತೆ ಆ ಊರಿನ ಭಾಷೆಯಲ್ಲೂ ಇರಲಿ. ಪುಣೆಯಲ್ಲಿ ಮರಾಠಿ, ಚೆನ್ನೈನಲ್ಲಿ ತಮಿಳು, ಹೈದರಾಬಾದ್‌ನಲ್ಲಿ ತೆಲುಗು. ಕಾಮಗಾರಿಗಾಗಿ ರಸ್ತೆ ಮುಚ್ಚುವುದಾದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ ಎಸ್‌ಪಿ 55 ಮಾರ್ಗಸೂಚಿ ಇದೆ. ಮುನ್ಸೂಚನೆ ಕೊಡುವ ಭಾಗ, ವಾಹನ ಪಥ ಬದಲಿಸುವ ಭಾಗ, ಕೆಲಸದ ಜಾಗ, ಮತ್ತೆ ಸಹಜ ಪಥಕ್ಕೆ ಮರಳುವ ಭಾಗ ಎಂದು ಅದು ರಸ್ತೆಯನ್ನು ವಿಂಗಡಿಸುತ್ತದೆ. ಉತ್ಸವಕ್ಕೂ ಇದೇ ಕ್ರಮ ಅನುಸರಿಸಬಹುದು.

ಆಂಬುಲೆನ್ಸ್‌ಗೆ ದಾರಿ ಬಿಡಿ

ಆಂಬುಲೆನ್ಸ್, ಅಗ್ನಿಶಾಮಕ ವಾಹನ ಒಳಬರುವಷ್ಟು ಜಾಗ ಮುಚ್ಚಿದ ರಸ್ತೆಯಲ್ಲೂ ಉಳಿಯಬೇಕು. ಆ ಜಾಗದಲ್ಲಿ ಕುರ್ಚಿ, ಜನರೇಟರ್, ಊಟದ ಮೇಜು ಬೇಡ. ಬ್ಯಾರಿಕೇಡ್ ಒಬ್ಬರೇ ಸರಿಸುವಂತಿರಲಿ. ಹಗ್ಗ, ತಂತಿ ಕಟ್ಟಬೇಡಿ. ಆ ಜಾಗಕ್ಕೆ ಫೋನ್ ಸಮೇತ ಒಬ್ಬ ಸ್ವಯಂಸೇವಕ ಕೊನೆಯವರೆಗೆ ನಿಲ್ಲಲಿ. ತುರ್ತು ವಾಹನಕ್ಕೆ ದಾರಿ ಬಿಡದ ಚಾಲಕರಿಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194ಇ ಅಡಿ 10,000 ರೂ. ದಂಡವಿದೆ. ದಾರಿಯೇ ಇಲ್ಲದ ಕಡೆ ಚಾಲಕರು ತಾನೇ ಏನು ಮಾಡಲು ಸಾಧ್ಯ?

ಮುಚ್ಚುವ ರಸ್ತೆಯ ಮನೆ ಮನೆಗೂ ಮೊದಲೇ ಚೀಟಿ ಹಂಚಿ. ಡಯಾಲಿಸಿಸ್‌ಗೆ ಹೋಗಬೇಕಾದವರು, ತುಂಬು ಗರ್ಭಿಣಿಯರು, ಆ ದಿನ ಮದುವೆ ಇರುವ ಮನೆ, ಅಂಗಡಿಗೆ ಸರಕು ತರಿಸುವವರು ಯಾರಿದ್ದಾರೆ ಎಂಬುದು ಹೀಗೆ ಕೇಳಿದರಷ್ಟೇ ಗೊತ್ತಾಗುತ್ತದೆ. ಅವರಿಗೆ ಮಾಡಿದ ವ್ಯವಸ್ಥೆಯನ್ನು ಅರ್ಜಿಯಲ್ಲೂ ಬರೆಯಿರಿ.

ಕಾರ್ಯಕ್ರಮದ ದಿನ

ಅನುಮತಿ ಪತ್ರಗಳ ಪ್ರತಿ ಸ್ಥಳದಲ್ಲೇ ಇರಲಿ. ಸಂಚಾರ ಪೊಲೀಸರು ಮಾರ್ಗ ಬದಲಿಸಲು ಹೇಳಿದರೆ ಪಾಲಿಸಿ. ಸ್ವಯಂಸೇವಕರು ದಾರಿ ತೋರಿಸಿ ಸಹಕರಿಸಬಹುದೇ ಹೊರತು ವಾಹನ ತಡೆದು ವಾಗ್ವಾದಕ್ಕೆ ಇಳಿಯುವಂತಿಲ್ಲ. ಕಾರ್ಯಕ್ರಮ ಬೇಗ ಮುಗಿದರೆ ಪೊಲೀಸರಿಗೆ ತಿಳಿಸಿ ರಸ್ತೆಯನ್ನೂ ಬೇಗ ತೆರೆಸಿ. ಹಾಕಿದ ಫಲಕಗಳನ್ನು ಅದೇ ರಾತ್ರಿ ತೆಗೆಯಿರಿ. ಮುಂದಿನ ವರ್ಷ ಮತ್ತೆ ಅರ್ಜಿ ಹಿಡಿದು ಹೋಗಬೇಕಾದುದು ಅದೇ ಠಾಣೆಗೆ, ಒಪ್ಪಿಗೆ ಕೇಳಬೇಕಾದುದು ಅದೇ ಬೀದಿಯ ಜನರನ್ನು.