ಗಣಕಯಂತ್ರದಲ್ಲಿ ಜಪಾನೀ ಲಿಪಿ

ಜಪಾನೀ ಬರಹದಲ್ಲಿ ಉಚ್ಚಾರಣೆಯನ್ನು ಸೂಚಿಸುವ ಹಿರಗನ, ಕತಕನಗಳ ಜೊತೆಗೆ ಚೀನಾ ಮೂಲದ ಸಾವಿರಾರು ಕಾಂಜಿ ಅಕ್ಷರಗಳೂ ಬಳಕೆಯಲ್ಲಿವೆ. 1978ರಲ್ಲಿ ಜಪಾನಿನ ಕೈಗಾರಿಕಾ ಮಾನಕವು ಗಣಕಯಂತ್ರಗಳಿಗೆಂದು ಸಂಕೇತ ನೀಡಿದ 6,802 ಅಕ್ಷರ-ಚಿಹ್ನೆಗಳಲ್ಲಿ 6,349 ಕಾಂಜಿಗಳೇ ಆಗಿದ್ದವು. ಇವಿಷ್ಟನ್ನೂ ಸಾಮಾನ್ಯ ಕೀಲಿಮಣೆಯಲ್ಲಿ ಅಳವಡಿಸುವುದು ಅಸಾಧ್ಯವಾಗಿತ್ತು.

ಅದೇ ವರ್ಷ ತೋಷಿಬಾ ಪ್ರಕಟಿಸಿದ ಜೆಡಬ್ಲ್ಯು-10 ಬೆರಳಚ್ಚು ಗಣಕವು ಇದಕ್ಕೆ ಪರಿಹಾರ ತೋರಿತು. ಪದವನ್ನು ಉಚ್ಚಾರಣೆಯಂತೆ ಒತ್ತಿದರೆ, ಯಂತ್ರವು ತನ್ನೊಳಗಿನ ನಿಘಂಟನ್ನು ಶೋಧಿಸಿ ತಕ್ಕ ಕಾಂಜಿಯನ್ನು ಮುಂದಿಡುತ್ತಿತ್ತು. 'ಹಶಿ' ಎಂದರೆ ಸೇತುವೆಯೂ ಹೌದು, ಊಟದ ಕಡ್ಡಿಯೂ ಹೌದು. ಅಂತಹ ಕಡೆ ಆಯ್ಕೆ ಬಳಕೆದಾರನದು. ಯಂತ್ರದ ಬೆಲೆ ಮಾತ್ರ 63 ಲಕ್ಷ ಯೆನ್!

ಪರದೆಯ ಮೇಲೆ ಮೂಡಿಸುವುದು ಇನ್ನೊಂದು ತೊಡಕು. ರೋಮನ್ ಅಕ್ಷರಕ್ಕೆ 8 ಬೈಟ್ ಸಾಕು. 16 ಸಾಲು, 16 ಕಂಬಗಳ ಚುಕ್ಕಿಗಳಲ್ಲಿ ಬಿಡಿಸುವ ಒಂದು ಕಾಂಜಿಗೆ 32 ಬೈಟ್ ಬೇಕು. ಮಾನಕದ ಎಲ್ಲ ಅಕ್ಷರಗಳಿಗೆ ಬೇಕಾದ ಸ್ಥಳ ಸುಮಾರು 2.17 ಲಕ್ಷ ಬೈಟ್. 1982ರಲ್ಲಿ ಬಂದ ಎನ್ಇಸಿ ಪಿಸಿ-9801ರ ಮೂಲ ಸ್ಮೃತಿಯೇ 128 ಕಿಲೋಬೈಟ್. ಆದ್ದರಿಂದ ಅಕ್ಷರರೂಪಗಳನ್ನು ಶಾಶ್ವತವಾಗಿ ತುಂಬಿದ ಪ್ರತ್ಯೇಕ ಚಿಪ್‌ಗಳನ್ನು ಬಳಸಲಾಯಿತು. ಇಂತಹ ಚಿಪ್‌ಗಳಿಲ್ಲದ ವಿದೇಶೀ ಗಣಕಗಳಿಗೆ ಜಪಾನಿನ ಮಾರುಕಟ್ಟೆ ಬಹುಮಟ್ಟಿಗೆ ಮುಚ್ಚಿದ ಬಾಗಿಲಾಯಿತು. ಎನ್ಇಸಿ ಪ್ರಾಬಲ್ಯ ಗಳಿಸಿತು.

1990ರಲ್ಲಿ ಐಬಿಎಂ ಜಪಾನ್ ಹೊರತಂದ ಡಾಸ್/ವಿ ಈ ಬಾಗಿಲನ್ನು ತೆರೆಯಿತು. ಅಕ್ಷರರೂಪಗಳನ್ನು ಡಿಸ್ಕ್‌ನಿಂದ ಸ್ಮೃತಿಗೆ ತಂದು, ಸಾಮಾನ್ಯ ವಿಜಿಎ ಪರದೆಯ ಮೇಲೆ ತಂತ್ರಾಂಶದಿಂದಲೇ ಬಿಡಿಸುವ ವಿಧಾನವಿದು. ವಿಶೇಷ ಚಿಪ್‌ನ ಅಗತ್ಯ ತಪ್ಪಿದೊಡನೆ ಅಗ್ಗದ ವಿದೇಶೀ ಗಣಕಗಳೂ ಜಪಾನೀ ಕಲಿತವು. 1997ರಲ್ಲಿ ಎನ್ಇಸಿ ಸಹ ಜಾಗತಿಕ ಮಾದರಿಯ ಗಣಕಗಳತ್ತ ಹೊರಳಿತು.