ಸುದ್ದಿಗುಂಪುಗಳು ಮತ್ತು ಅಂಚೆಯ ತಂತ್ರಾಂಶ: ಒಂದು ಚಾರಿತ್ರಿಕ ವಿವೇಚನೆ

ಒಬ್ಬರು ಇನ್ನೊಬ್ಬರಿಗೆ ಬರೆದುದು ಪತ್ರ. ಒಬ್ಬರು ಊರಿಗೆಲ್ಲ ತಿಳಿಯಲೆಂದು ಹೇಳಿಸಿದುದು ಡಂಗುರ. ಈ ಎರಡು ಕಾರ್ಯಗಳೂ ಬೇರೆ ಬೇರೆ ಸಾಧನಗಳಿಂದ ನಡೆದು ಬಂದುದೇ ಲೋಕದ ರೂಢಿ. ಅಂಚೆಯವನು ಡಂಗುರ ಸಾರುವುದಿಲ್ಲ; ಡಂಗುರದವನು ಲಕೋಟೆ ಹಂಚುವುದಿಲ್ಲ. ಆದರೆ ಗಣಕಯಂತ್ರಗಳ ಜಾಲದಲ್ಲಿ ಇವೆರಡೂ ಒಂದೇ ಕಿಟಕಿಯೊಳಗೆ ಬಂದು ಕುಳಿತ ಕಾಲವೊಂದುಂಟು. ಇ-ಮೇಲ್ ಓದುವ ತಂತ್ರಾಂಶದಲ್ಲಿಯೇ ಲೋಕದ ಸಾರ್ವಜನಿಕ ಚರ್ಚೆಗಳನ್ನು ಓದುವುದೂ ಅವುಗಳಿಗೆ ಉತ್ತರ ಬರೆಯುವುದೂ ಆಗ ಸಾಧ್ಯವಾಯಿತು. ಇದು ಹೇಗೆ ಸಾಧ್ಯವಾಯಿತು, ಮುಂದೆ ಏಕೆ ಕ್ಷೀಣಿಸಿತು ಎಂಬುದು ವಿಚಾರಾರ್ಹವಾದ ಸಂಗತಿ.

೧. ಉಗಮ

ಯೂಸ್‌ನೆಟ್ ಎಂಬ ಚರ್ಚಾಜಾಲವು ಹುಟ್ಟಿದುದು ಅಮೆರಿಕದ ಉತ್ತರ ಕೆರೊಲಿನ ಸಂಸ್ಥಾನದಲ್ಲಿ. ೧೯೭೯ರ ಕೊನೆಯಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಇದನ್ನು ಕಲ್ಪಿಸಿದರು. ನೆರೆಯ ಚಾಪೆಲ್ ಹಿಲ್‌ನಲ್ಲಿ ಓದುತ್ತಿದ್ದ ಸ್ಟೀವ್ ಬೆಲೋವಿನ್ ಅದರ ಮೊದಲ ಕರಡು ಪ್ರೋಗ್ರಾಮನ್ನು ಬರೆದರು. ಆ ವೇಳೆಗೆ ಅರ್ಪಾನೆಟ್ ಎಂಬ ಜಾಲವು ಇದ್ದಿತಾದರೂ, ಅದರ ಬಾಗಿಲು ತೆರೆದಿದ್ದುದು ಅಮೆರಿಕದ ರಕ್ಷಣಾ ಇಲಾಖೆಯ ಸಂಬಂಧವುಳ್ಳ ಸಂಸ್ಥೆಗಳಿಗೆ ಮಾತ್ರ. ಯೂಸ್‌ನೆಟ್‌ಗೆ ಬೇಕಾದುದು ಯುನಿಕ್ಸ್ ನಡೆಯುವ ಒಂದು ಯಂತ್ರ, ಒಂದು ಮೋಡೆಮ್, ಒಂದು ದೂರವಾಣಿಯ ತಂತಿ, ಇಷ್ಟೆ. ದರ ಕಡಿಮೆಯಾದ ರಾತ್ರಿಯ ಹೊತ್ತಿನಲ್ಲಿ ಒಂದು ಯಂತ್ರವು ಇನ್ನೊಂದಕ್ಕೆ ಕರೆ ಮಾಡಿ, ತನ್ನಲ್ಲಿ ಸೇರಿದ ಲೇಖನಗಳನ್ನು ದಾಟಿಸುತ್ತಿತ್ತು. ಅದು ಮತ್ತೊಂದಕ್ಕೆ ದಾಟಿಸುತ್ತಿತ್ತು. ನಡುವೆ ಯಜಮಾನನೆಂಬ ಒಂದು ಯಂತ್ರವಿರಲಿಲ್ಲ. ಪ್ರತಿಯೊಂದು ನಿಲ್ದಾಣವೂ ತನ್ನ ಪ್ರತಿಯನ್ನು ತಾನೇ ಇಟ್ಟುಕೊಂಡಿತು. ಈ ವ್ಯವಸ್ಥೆಯ ಬಲವೂ, ಮುಂದೆ ಕಾಣುವಂತೆ ಅದರ ದೌರ್ಬಲ್ಯವೂ ಇದರಲ್ಲಿಯೇ ಅಡಗಿದ್ದುವು.

೨. ಪತ್ರದ ರೂಪ

ಸುದ್ದಿಗುಂಪಿನ ಲೇಖನಕ್ಕೆ ಪತ್ರದ ರೂಪವು ತಾನಾಗಿ ಬಂದುದಲ್ಲ. ಅದು ಉದ್ದೇಶಪೂರ್ವಕವಾದ ನಿರ್ಣಯ. ೧೯೮೩ರಲ್ಲಿ ಹೊರಬಂದ ಆರ್‌ಎಫ್‌ಸಿ ೮೫೦ ಎಂಬ ಕರಾರುಪತ್ರವು ಲೇಖನದ ರಚನೆಯನ್ನು ಗೊತ್ತುಮಾಡಿತು. ಅದರ ಹಿಂದಿನ ವರ್ಷವಷ್ಟೇ ವಿದ್ಯುನ್ಮಾನ ಅಂಚೆಗೆ ಆರ್‌ಎಫ್‌ಸಿ ೮೨೨ ಎಂಬ ನಿಯಮಾವಳಿ ಬಂದಿತ್ತು. ಬಳಕೆಯಲ್ಲಿರುವ ಸಾಧನಗಳಿಗೆ ಹೊಂದುವಂತಹ ರೂಪವನ್ನು ಆರಿಸಬೇಕೆಂಬುದೇ ಹೊಸ ಕರಾರಿನ ಮುಖ್ಯ ಧೋರಣೆ. ಆದುದರಿಂದ ಲೇಖನಕ್ಕೂ ಪತ್ರದಂತೆಯೇ ಶಿರೋಲೇಖ, ನಡುವೆ ಒಂದು ಖಾಲಿ ಸಾಲು, ಅನಂತರ ಒಡಲು. ಬರೆದವರಾರು, ಎಂದು, ಯಾವ ವಿಷಯವಾಗಿ ಎಂಬ ಸಾಲುಗಳು ಎರಡಕ್ಕೂ ಸಮಾನ. ಭೇದವಿದ್ದುದು ಮುಖ್ಯವಾಗಿ ಒಂದೆಡೆ: ಪತ್ರದಲ್ಲಿ ಪಡೆಯುವವರ ವಿಳಾಸವಿರುವ ಸ್ಥಾನದಲ್ಲಿ ಇಲ್ಲಿ ಗುಂಪಿನ ಹೆಸರು.

ಇವುಗಳ ಜೊತೆಗೆ ಪ್ರತಿ ಲೇಖನಕ್ಕೂ ಲೋಕದಲ್ಲಿ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತು ಕಡ್ಡಾಯವಾಯಿತು. ಉತ್ತರವು ತನ್ನ ಹಿಂದಿನ ಲೇಖನದ ಗುರುತನ್ನು ಉಲ್ಲೇಖಿಸುತ್ತಿತ್ತು. ಮಾತಿಗೆ ಮಾತು ಹೆಣೆದುಕೊಂಡು ವಂಶವೃಕ್ಷದಂತೆ ಕವಲೊಡೆದುದನ್ನು ಓದುಗರ ಯಂತ್ರವು ಬಿಡಿಸಿ ತೋರಿಸಲು ಸಾಧ್ಯವಾದುದು ಇದರಿಂದಲೇ.

೩. ಹೊಂದಿಸುವ ಕಾರ್ಯ

ಮೊದಮೊದಲು ಓದುವವರು ಲೇಖನಗಳು ತುಂಬಿದ ಯಂತ್ರದ ಮುಂದೆಯೇ ಕುಳಿತಿರಬೇಕಾಗಿತ್ತು. ೧೯೮೪ರಲ್ಲಿ ಲ್ಯಾರಿ ವಾಲ್ ರಚಿಸಿದ ಆರ್‌ಎನ್ ಎಂಬ ಓದುವ ಪ್ರೋಗ್ರಾಮು ಅಂತಹ ಯಂತ್ರಗಳಿಗಾಗಿ ಬಂದುದು. ೧೯೮೬ರ ಫೆಬ್ರವರಿಯಲ್ಲಿ ಬ್ರಯನ್ ಕ್ಯಾಂಟರ್ ಮತ್ತು ಫಿಲ್ ಲ್ಯಾಪ್ಸ್‌ಲಿ ಇವರು ಎನ್‌ಎನ್‌ಟಿಪಿ ಎಂಬ ಸಂಪರ್ಕವಿಧಾನವನ್ನು ಪ್ರಕಟಿಸಿದ ಮೇಲೆ ಈ ಕಟ್ಟು ಸಡಿಲವಾಯಿತು. ಲೇಖನಗಳು ಸರ್ವರ್ ಎಂಬ ಯಂತ್ರದಲ್ಲಿರುವುವು. ಓದುಗರು ದೂರದಿಂದ ಬೇಕಾದಷ್ಟನ್ನೇ ತರಿಸಿಕೊಳ್ಳುವರು. ಇದಕ್ಕೆ ಮೀಸಲಾದ ಪೋರ್ಟಿನ ಸಂಖ್ಯೆ ೧೧೯.

ಅಂಚೆಯ ತಂತ್ರಾಂಶದೊಳಗೆ ಸುದ್ದಿಗುಂಪುಗಳು ಪ್ರವೇಶಿಸಿದುದು ಈ ಮಾರ್ಗದಿಂದ. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪೈನ್, ೧೯೯೬ರ ನೆಟ್‌ಸ್ಕೇಪ್ ೨, ೧೯೯೭ರ ಔಟ್‌ಲುಕ್ ಎಕ್ಸ್‌ಪ್ರೆಸ್, ೨೦೦೪ರ ಥಂಡರ್‌ಬರ್ಡ್, ಇವೆಲ್ಲವೂ ಎರಡು ಕಾರ್ಯಗಳನ್ನೂ ಒಂದೇ ಕಡೆ ನಡೆಸಿಕೊಟ್ಟುವು.

ಹೊಂದಿಸುವ ಕ್ರಮವು ಸರಳವಾದರೂ ಅರ್ಥಪೂರ್ಣವಾದುದು. ಅಂಚೆಯ ಖಾತೆಗೆ ಪತ್ರ ತರಿಸಲು ಒಂದು ಸರ್ವರ್, ಕಳುಹಿಸಲು ಇನ್ನೊಂದು. ಸುದ್ದಿಯ ಖಾತೆಗೆ ಎರಡಕ್ಕೂ ಒಂದೇ. ಅದರ ಹೆಸರು, ಪೋರ್ಟಿನ ಸಂಖ್ಯೆ, ಅಗತ್ಯವಿದ್ದರೆ ಗುಪ್ತಪದ, ಲೇಖನದ ತಲೆಯಲ್ಲಿ ಕಾಣಬೇಕಾದ ತಮ್ಮ ಹೆಸರು ಮತ್ತು ವಿಳಾಸ, ಇವನ್ನು ತುಂಬಬೇಕು. ಅನಂತರ ಗುಂಪುಗಳ ಪಟ್ಟಿಯನ್ನು ತರಿಸಿಕೊಂಡು ಬೇಕಾದುವಕ್ಕೆ ಚಂದಾದಾರರಾಗಬೇಕು. ಇದಕ್ಕೆ ಹಣವಿಲ್ಲ, ಸರ್ವರಿಗೆ ಇದರ ತಿಳಿವೂ ಇಲ್ಲ. ಯಾರು ಯಾವ ಗುಂಪಿನ ಚಂದಾದಾರರೆಂಬ ನೆನಪು ಓದುಗರ ಯಂತ್ರದಲ್ಲಿ ಮಾತ್ರ ಉಳಿಯುತ್ತದೆ. ಯಾರ ಲೇಖನವನ್ನು ಕಾಣಬಾರದೆಂಬ ಪಟ್ಟಿಯನ್ನು ಇಟ್ಟುಕೊಳ್ಳುವವರೂ ಓದುಗರೇ.

ಒಂದೇ ಕಿಟಕಿಯ ಈ ಅನುಕೂಲದಲ್ಲಿ ಒಂದು ಅಪಾಯವೂ ಸೇರಿದ್ದಿತು. ಬರೆದವರಿಗೆ ಮಾತ್ರ ಖಾಸಗಿಯಾಗಿ ಉತ್ತರಿಸುವ ಗುಂಡಿಯೂ, ಗುಂಪಿಗೆಲ್ಲ ಉತ್ತರಿಸುವ ಗುಂಡಿಯೂ ಅಕ್ಕಪಕ್ಕದಲ್ಲಿದ್ದುವು. ಬೆರಳು ತಪ್ಪಿದರೆ ಮನೆಯ ಮಾತು ಊರ ಮಾತಾಗುವುದು. ಹೀಗಾಗಿ ಸುದ್ದಿಗುಂಪುಗಳಲ್ಲಿ ಒಂದು ಶಿಷ್ಟಾಚಾರವು ಬೆಳೆಯಿತು: ಅಲಂಕಾರವಿಲ್ಲದ ಸಾದಾ ಅಕ್ಷರ, ಎಂಬತ್ತು ಅಕ್ಷರಗಳನ್ನು ಮೀರದ ಸಾಲು, ಹಿಂದಿನವರ ಮಾತಿನಲ್ಲಿ ಬೇಕಾದಷ್ಟನ್ನೇ ಉದ್ಧರಿಸಿ ಅದರ ಕೆಳಗೆ ಉತ್ತರ, ಕೊನೆಗೆ ನಾಲ್ಕು ಸಾಲಿಗೆ ಮೀರದ ಸಹಿ. ಈ ಕಟ್ಟಳೆಗಳನ್ನು ಕಾಯಲು ಅಧಿಕಾರಿಗಳಿರಲಿಲ್ಲ. ಹಳಬರು ಹೊಸಬರಿಗೆ ತಿಳಿಯಹೇಳುತ್ತಿದ್ದರು.

೪. ಕನ್ನಡದ ಪ್ರವೇಶ

೧೯೮೬-೮೭ರ ಅವಧಿಯಲ್ಲಿ ಗುಂಪುಗಳಿಗೆಲ್ಲ ಹೊಸದಾಗಿ ನಾಮಕರಣವಾಗಿ, ವಿಜ್ಞಾನ, ವಿನೋದ, ಸಮಾಜ ಮೊದಲಾದ ವರ್ಗಗಳು ಏರ್ಪಟ್ಟುವು. ಸಮಾಜವರ್ಗದಲ್ಲಿ ಭಾರತದ ಸಂಸ್ಕೃತಿಗೆ ಒಂದು ಗುಂಪು, ಮುಂದೆ ಅದರ ಕವಲಾಗಿ ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಎಂಬ ಗುಂಪು ಬಂದುವು. ನಾಡನ್ನು ಬಿಟ್ಟು ದೂರವಿದ್ದ ಕನ್ನಡಿಗರಿಗೆ ಇದು ದೇಶದ ಎಲ್ಲೆಗಳಿಲ್ಲದ ಜಗಲಿಯಾಯಿತು. ಭಾರತದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ತೆರೆದುದು ೧೯೯೫ರ ಆಗಸ್ಟ್ ೧೫ರಂದು. ಅಂದರೆ ಮುಂಬಯಿ, ಮದರಾಸುಗಳ ಕನ್ನಡಿಗರಿಗಿಂತ ಮುಂಚೆ ಈ ಜಗಲಿಯ ಮೇಲೆ ಕುಳಿತವರು ಬಹುಮಟ್ಟಿಗೆ ಸಮುದ್ರದಾಚೆಯವರು.

ಆದರೆ ಜಗಲಿಯಲ್ಲಿ ಕನ್ನಡದ ಲಿಪಿಗೆ ಸ್ಥಳವಿರಲಿಲ್ಲ. ಲೇಖನಗಳು ಸಾಗುತ್ತಿದ್ದುದು ಆಸ್ಕಿ ಎಂಬ ಸಂಕೇತದಲ್ಲಿ. ಅದರಲ್ಲಿರುವುದು ೧೨೮ ಸ್ಥಾನಗಳು ಮಾತ್ರ. ಹೀಗಿರಲು ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದು ಅನಿವಾರ್ಯವಾಯಿತು. ದೀರ್ಘಸ್ವರಕ್ಕೂ ಮೂರ್ಧನ್ಯಕ್ಕೂ ದೊಡ್ಡ ಅಕ್ಷರಗಳನ್ನು ಬಳಸುವ ಉಪಾಯಗಳು ರೂಢಿಗೆ ಬಂದುವು. ಯೂನಿಕೋಡ್ ಸಂಕೇತದ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತಾದರೂ, ಅದು ಸಾಮಾನ್ಯರ ಅಂಚೆಯ ತಂತ್ರಾಂಶಗಳವರೆಗೆ ಇಳಿದು ಬರಲು ವರ್ಷಗಳೇ ಹಿಡಿದುವು. ಅಷ್ಟರಲ್ಲಿ ಸುದ್ದಿಗುಂಪುಗಳ ಉಚ್ಛ್ರಾಯದ ಕಾಲವು ಮುಗಿದಿತ್ತು. ಕನ್ನಡಿಗರ ಆ ಕಾಲದ ಮಾತುಕತೆಯು ಇಂಗ್ಲಿಷಿನಲ್ಲಿಯೂ ರೋಮನ್ ವೇಷದ ಕನ್ನಡದಲ್ಲಿಯೂ ಉಳಿದಿರುವುದಕ್ಕೆ ಕಾರಣವು ಭಾಷಾಭಿಮಾನದ ಕೊರತೆಯಲ್ಲ, ಸಂಕೇತದ ಬಡತನ.

೫. ಕ್ಷಯ ಮತ್ತು ಸ್ಮೃತಿ

೧೯೯೩ರವರೆಗೆ ಹೊಸಬರು ಹೆಚ್ಚಾಗಿ ಬರುತ್ತಿದ್ದುದು ಅಮೆರಿಕದ ಕಾಲೇಜುಗಳು ತೆರೆಯುವ ಸೆಪ್ಟೆಂಬರಿನಲ್ಲಿ. ಕೆಲವು ವಾರಗಳಲ್ಲಿ ಅವರು ಶಿಷ್ಟಾಚಾರವನ್ನು ಕಲಿಯುತ್ತಿದ್ದರು. ಆ ವರ್ಷದಿಂದೀಚೆಗೆ ವಾಣಿಜ್ಯಸಂಸ್ಥೆಗಳ ಚಂದಾದಾರರು ಲಕ್ಷೋಪಲಕ್ಷವಾಗಿ ನುಗ್ಗಿದರು. ಸೆಪ್ಟೆಂಬರ್ ಮುಗಿಯಲೇ ಇಲ್ಲವೆಂದು ಹಳಬರು ನಿಟ್ಟುಸಿರಿಟ್ಟರು. ೧೯೯೪ರ ಏಪ್ರಿಲಿನಲ್ಲಿ ಇಬ್ಬರು ವಕೀಲರು ವಲಸೆಪತ್ರದ ತಮ್ಮ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಒಮ್ಮೆಗೇ ತುಂಬಿದರು. ಅಲ್ಲಿಂದ ಮುಂದೆ ಜಾಹೀರಾತಿನ ಕಾಟ ನಿಲ್ಲಲಿಲ್ಲ. ಲೇಖನದ ತಲೆಯಲ್ಲಿದ್ದ ವಿಳಾಸಗಳನ್ನೇ ಹೆಕ್ಕುವವರು ಹುಟ್ಟಿಕೊಂಡುದರಿಂದ, ಖಾತೆಯನ್ನು ಹೊಂದಿಸುವಾಗ ವಿಳಾಸವನ್ನು ಬೇಕೆಂದೇ ಕೆಡಿಸಿ ಬರೆಯುವ ಪದ್ಧತಿಯು ಬಂದಿತು. ತನ್ನ ಹೆಸರಿನಿಂದ ಊರ ಮುಂದೆ ಮಾತನಾಡುವ ವಿಶ್ವಾಸಕ್ಕೆ ಬಿದ್ದ ಮೊದಲ ಪೆಟ್ಟು ಇದು.

ಇನ್ನು ಸ್ಮೃತಿಯ ಪ್ರಶ್ನೆ. ಸರ್ವರುಗಳು ಹಳೆಯ ಲೇಖನಗಳನ್ನು ಸ್ಥಳಾಭಾವದಿಂದ ಅಳಿಸುತ್ತಿದ್ದುವು. ಎಲ್ಲರಲ್ಲಿಯೂ ಪ್ರತಿಯಿದ್ದುದರಿಂದ ಕಾಪಾಡುವ ಹೊಣೆ ಯಾರದೂ ಆಗಲಿಲ್ಲ. ಮೊದಲ ದಶಕದ ಬಹುಭಾಗವು ಉಳಿದುದು ಟೊರೊಂಟೊ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದ ಹೆನ್ರಿ ಸ್ಪೆನ್ಸರ್ ೧೯೮೧ರಿಂದ ೧೯೯೧ರವರೆಗೆ ಕಾಂತೀಯ ಟೇಪುಗಳಲ್ಲಿ ಎತ್ತಿಟ್ಟುದರಿಂದ. ೧೯೯೫ರಲ್ಲಿ ಆರಂಭವಾದ ದೇಜಾ ನ್ಯೂಸ್ ಎಂಬ ಸಂಸ್ಥೆಯ ಸಂಗ್ರಹವು ೨೦೦೧ರಲ್ಲಿ ಗೂಗಲ್ಲಿನ ವಶವಾಯಿತು. ಅದೇ ವರ್ಷ ಸ್ಪೆನ್ಸರರ ಟೇಪುಗಳ ಲೇಖನಗಳೂ ಅದರೊಡನೆ ಕೂಡಿದುವು. ಗೂಗಲ್ಲಿನ ಪುಟದಲ್ಲಿ ಓದಲು ಯಾವ ಹೊಂದಿಕೆಯೂ ಬೇಡವಾದುದರಿಂದ ಅನೇಕರು ತಮ್ಮ ತಂತ್ರಾಂಶಗಳನ್ನು ಬಿಟ್ಟರು. ೨೦೧೦ರ ಮೇ ತಿಂಗಳಲ್ಲಿ ಜನ್ಮಸ್ಥಳವಾದ ಡ್ಯೂಕ್ ವಿಶ್ವವಿದ್ಯಾನಿಲಯವೇ ತನ್ನ ಸರ್ವರನ್ನು ನಿಲ್ಲಿಸಿತು. ೨೦೨೪ರ ಫೆಬ್ರವರಿ ೨೨ರಂದು ಗೂಗಲ್ ಸಂಸ್ಥೆಯು ಹಳೆಯ ಲೇಖನಗಳನ್ನು ಓದಲು ಬಿಟ್ಟು, ಹೊಸದನ್ನು ಬರೆಯುವ ಮತ್ತು ತರಿಸುವ ದಾರಿಯನ್ನು ಮುಚ್ಚಿತು.

ಆ ದಿನ ಬಾಗಿಲು ಮುಚ್ಚಿದುದು ಪುಟದ ಮೂಲಕ ಬರುತ್ತಿದ್ದವರಿಗೆ. ಥಂಡರ್‌ಬರ್ಡಿನಲ್ಲಿ ಒಂದು ಸರ್ವರಿನ ಹೆಸರನ್ನು ತುಂಬಿಟ್ಟುಕೊಂಡಿದ್ದವರಿಗೆ ಮಾತುಕತೆ ಎಂದಿನಂತೆ ನಡೆಯಿತು. ಹಳಬರ ನಿಟ್ಟುಸಿರಾಗಿದ್ದ 'ಎಟರ್ನಲ್ ಸೆಪ್ಟೆಂಬರ್' ಎಂಬ ಮಾತನ್ನೇ ಹೆಸರಾಗಿಸಿಕೊಂಡ ಒಂದು ಸರ್ವರು ಅಂತಹವರಿಗೆ ಉಚಿತವಾಗಿ ಸೇವೆ ಸಲ್ಲಿಸುತ್ತ ಬಂದಿದೆ. ನಾಲ್ಕಾರು ಚೌಕಗಳನ್ನು ತುಂಬುವ ಆ ಅಲ್ಪ ಶ್ರಮದಿಂದ ಓದುಗರಿಗೆ ದೊರೆತುದು ತಮ್ಮ ಓದಿನ ಮೇಲಿನ ಹತೋಟಿ. ಶ್ರಮವನ್ನು ಬಿಟ್ಟುಕೊಟ್ಟವರು ತಿಳಿಯದೆಯೇ ಅದನ್ನೂ ಬಿಟ್ಟುಕೊಟ್ಟರು.

ಪರಸ್ಥಳಗಳ ಕನ್ನಡ ಸಂಘಗಳ ವ್ಯವಹಾರವೂ ಇಂದು ಬಹುಮಟ್ಟಿಗೆ ಅನ್ಯರ ಒಡೆತನದ ಇಂತಹ ಅಂಗಳಗಳಲ್ಲಿಯೇ ನಡೆಯುತ್ತಿದೆ. ಸಭೆಯ ಕರೆ, ಸದಸ್ಯರ ವಾದ, ಹಿರಿಯರ ನೆನಪು, ಎಲ್ಲವೂ ಅಲ್ಲಿ ಬಂದು ಸರಿದು ಹೋಗುತ್ತಿವೆ. ಅಂಗಳವನ್ನು ಬಿಡುವುದು ಸುಲಭಸಾಧ್ಯವಲ್ಲ. ಆದರೆ ಪ್ರತಿಯೊಂದನ್ನು ತಮ್ಮಲ್ಲಿಯೂ ತೆಗೆದಿಡುವ ಹೊಣೆಯನ್ನು ಪ್ರತಿ ಸಂಘವೂ ಒಬ್ಬರಿಗಾದರೂ ವಹಿಸಬಹುದು. ಯೂಸ್‌ನೆಟ್ಟಿನ ಮೊದಲ ದಶಕವನ್ನು ಉಳಿಸಿದುದು ಅಂತಹ ಒಬ್ಬರ ಕಪಾಟಿನ ಟೇಪುಗಳೇ.