ಕಾಗದ ತರೋರು, ಗುಟ್ಟು ಒಯ್ಯೋರು

ಮಾಲೂರಿಂದ ಬೆಂಗಳೂರಿಗೆ ಹೋಗೋ ರೈಲಲ್ಲಿ ಯಾರಾದ್ರೂ ‘ಫೋನ್ ನಮ್ಮ ಮಾತು ಕದ್ದು ಕೇಳುತ್ತೆ ಕಣ್ರೀ’ ಅಂದ್ರೆ ನನಗೆ ಹಳೇ ಮೈಸೂರು ಅಂಚೆ ನೆನಪಾಗುತ್ತೆ. ಅದನ್ನು ಕಟ್ಟಿದವರು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು. ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಪ್ರಕಾರ ಅಂಚೆಯ ಮೇಲಧಿಕಾರಿಗಳು ಅರಮನೆಯ ನಂಬಿಕಸ್ಥರು, ಕೆಳಗಿನ ನೌಕರರು ಪಕ್ಕಾ ಗೂಢಚಾರರು. ಕಾಗದದ ಜೊತೆ ಊರಿನ ಗುಟ್ಟನ್ನೂ ಮುಟ್ಟಿಸಬೇಕಿತ್ತು! ಕಾಗದವನ್ನೇ ಬರೆಯದ ರೈತನ ಮಾತೂ ಅವನಿಗೆ ತಿಳಿಯದ ಹಾಗೆ ಅರಮನೆಗೆ ಹೋಗಬಹುದಿತ್ತು.

ಆಗ ಕೋಲಾರ ಮೈಸೂರಿನ ಕೈಲಿರಲಿಲ್ಲ. ಆದರೆ ಮುಂದೆ ಈ ಬಲೆಯನ್ನು ಬಿಗಿ ಮಾಡಿದವನು ನಮ್ಮ ಸೀಮೆಯವನೇ, ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ. (ವಿಲ್ಕ್ಸ್ ಬ್ರಿಟಿಷರ ಕಡೆಯವನು, ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು.) ಓದು ಬರಹ ಬಾರದ ಹೈದರನಿಗೆ ಕಾಗದಕ್ಕಿಂತ ಸುದ್ದಿಯೇ ಮುಖ್ಯ.

1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯ್ತು. ‘ಅಂಚೆ’ ಅನ್ನೋ ಹೆಸರು ಮಾತ್ರ ಉಳೀತು.